ನಡುಗೋಡೆಯ ಮೇಲಿನ ಮಣ್ಣು

ನಮ್ಮ ಮನೆಗೆ ಬಾಗಿಲು ಎರಡು, ಮಾಳಿಗೆ ಒಂದೇ. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದು ಸುಲಭ. ಸವಣೂರಿನಿಂದ ಶಿಗ್ಗಾವಿಯ ದಾರಿ ಹಿಡಿದು, ನಡುವೆ ಬಸ್ಸಿಳಿದು, ಹೊಲಗಳ ಮಧ್ಯೆ ಅರ್ಧ ತಾಸು ನಡೆದರೆ ನಮ್ಮೂರು. ಓಣಿಯ ಉದ್ದಕ್ಕೂ ಮಲಗಿದಂತಿದ್ದ ಮಣ್ಣಿನ ಮನೆ ನಮ್ಮದು. ಮರದ ಕಂಬಗಳ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ, ಹಲಗೆಯ ಮೇಲೆ ಬೇವಿನ ಸೊಪ್ಪು, ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು; ಈ ಸಮತಟ್ಟು ಸೂರೇ ನಮ್ಮ ಮಾಳಿಗೆ. ಬೇಸಿಗೆಯಲ್ಲಿ ಹೊಸ್ತಿಲು ದಾಟಿದರೆ ಕೊಡದ ನೀರಿನಲ್ಲಿ ಕೈ ಇಟ್ಟಷ್ಟು ತಂಪು. ಮಳೆಗಾಲದಲ್ಲಿ ಮಾತ್ರ ಆ ಮನೆ ಕೂಸಿನಂತೆ. ಹಗಲಿರುಳು ಒಬ್ಬರು ಅದರ ಮೇಲೆ ಕಣ್ಣಿಟ್ಟಿರಬೇಕು. ನನ್ನ ಅವ್ವ ತಿಳವಳ್ಳಿಯವಳು, ಹೆಂಚಿನ ಮನೆಯಲ್ಲಿ ಬೆಳೆದವಳು. ಮೊದಲ ಹನಿ ಅಡುಗೆಮನೆಯ ಒಲೆಯ ಮೇಲೆ ಬಿದ್ದ ದಿನ ಪ್ರತಿ ವರ್ಷವೂ ಒಂದೇ ಮಾತು ಹೇಳುತ್ತಿದ್ದಳು.

"ನಮ್ಮ ಕಡೆ ಮಳಿ ಬಂದ್ರ ಹೆಂಚಿನ ಮ್ಯಾಲಿಂದ ಜಾರಿ ತನ್ನ ದಾರಿಗೆ ತಾ ಹೊಕ್ಕೇತಿ. ನಿಮ್ಮ ಮನ್ಯಾಗ ಬಂದು ಕಾಲು ಚಾಚಿ ಕುಂದ್ರತೈತಿ."

ಅಪ್ಪ ಅದಕ್ಕೆ ಉತ್ತರ ಕೊಡುತ್ತಿರಲಿಲ್ಲ. ಅವನ ಉತ್ತರ ಬೇಸಿಗೆಯಲ್ಲಿಯೇ ಆಗಿಹೋಗಿರುತ್ತಿತ್ತು. ಬಸವ ಜಯಂತಿಯ ಮರುದಿನ ಬೆಳಕು ಹರಿಯುವ ಮೊದಲು ಅವನು ಏಣಿ ಹಚ್ಚುತ್ತಿದ್ದ. ಕೆರೆಯ ಆಚೆ ದಂಡೆಯಿಂದ ಚಕ್ಕಡಿಯಲ್ಲಿ ಸವಳು ಮಣ್ಣು ಬಂದಿರುತ್ತಿತ್ತು. ಬೆಳ್ಳಗೆ ಉಪ್ಪು ಮೂಡಿದ ಆ ಮಣ್ಣಿನಲ್ಲಿ ಬೆಳೆ ಬರುವುದಿಲ್ಲ, ಆದರೆ ಮಾಳಿಗೆಯ ಮೇಲೆ ಹಾಸಿದರೆ ನೀರನ್ನು ಕೆಳಗಿಳಿಯಲು ಬಿಡುವುದಿಲ್ಲ. ಹಳೆಯ ಹುಲ್ಲನ್ನು ಬೇರುಸಹಿತ ಕೀಳಬೇಕು, ಮಣ್ಣನ್ನು ಜರಡಿ ಹಿಡಿಯಬೇಕು, ನಾಲ್ಕು ಬೆರಳು ದಪ್ಪ ಹರವಬೇಕು, ನೀರು ಚಿಮುಕಿಸಬೇಕು, ಕೊಡತಿಯಿಂದ ಬಡಿಯಬೇಕು, ಆಮೇಲೆ ಬರಿಗಾಲಿನಲ್ಲಿ ತುಳಿಯಬೇಕು. ಈ ಕ್ರಮದಲ್ಲಿ ಒಂದನ್ನೂ ಹಿಂದೆಮುಂದೆ ಮಾಡುವಂತಿರಲಿಲ್ಲ. ನನ್ನ ಕೆಲಸ ನೀರಿನದು. ಕೆಳಗಿನಿಂದ ತಂಬಿಗೆ ಏರಿಸುವುದು, ಅಪ್ಪ ಕೈ ಎತ್ತಿದಾಗ ನಿಲ್ಲಿಸುವುದು. ಮಳೆಗಾಲ ಬಂದ ಮೇಲೆ ಸೋರುವ ಜಾಗಗಳೂ ನನ್ನವೇ. ಒಟ್ಟು ಏಳು. ಪಡಸಾಲೆಯ ಮೂಲೆಗೆ ಕೊಡ, ದೇವರ ಮಾಡದ ಮುಂದೆ ಹಿತ್ತಾಳೆಯ ತಟ್ಟೆ, ಜೋಳದ ಚೀಲಗಳ ಹತ್ತಿರ ಅಗಲ ಬಾಯಿಯ ಪಾತ್ರೆ. ಯಾವ ಪಾತ್ರೆ ತುಂಬಲು ಎಷ್ಟು ಹೊತ್ತು ಬೇಕೆಂಬುದು ನನಗೆ ಬಾಯಿಪಾಠ. ಸದ್ದು ಬದಲಾದರೆ ಪಾಠದ ಪುಸ್ತಕ ಮುಚ್ಚಿಟ್ಟು ಎದ್ದು ಹೋಗಿ ಚೆಲ್ಲಿ ಬರುತ್ತಿದ್ದೆ. ಇದರಲ್ಲಿ ನನಗೆ ಹೆಮ್ಮೆಯಿತ್ತು. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುವ ಹುಡುಗಿ ಎಂದು ಮನೆಯಲ್ಲಿ ಹೆಸರಿತ್ತು.

ಅಪ್ಪನಿಗೂ ದೊಡ್ಡಪ್ಪನಿಗೂ ಯಾಕೆ ಮಾತು ಬಿಟ್ಟಿತು ಎಂಬುದು ನನಗೆ ಇವತ್ತಿಗೂ ಪೂರ್ತಿ ತಿಳಿಯದು. ಐದು ಮಂದಿ ಐದು ಕಾರಣ ಹೇಳಿದ್ದಾರೆ. ತಿಳಿದದ್ದು ಇಷ್ಟು: ಒಂದು ದಿನ ಹಿರಿಯರು ಬಂದು ಪಡಸಾಲೆಯಲ್ಲಿ ಕುಳಿತರು, ಚಹಾ ಕುಡಿದರು, ಹೊಲ ಹಂಚಿದರು, ಎತ್ತು ಹಂಚಿದರು, ಕೊನೆಗೆ ಮನೆಗೆ ಬಂದರು. ಮನೆಯ ನಡುವೆ ಒಂದು ದಪ್ಪ ಗೋಡೆಯಿತ್ತು, ಅದರಲ್ಲಿ ಒಂದು ಬಾಗಿಲಿತ್ತು. ಆ ಬಾಗಿಲನ್ನು ಹಸಿ ಇಟ್ಟಿಗೆ ಇಟ್ಟು ಮುಚ್ಚಿದರು. ಓಣಿಯ ಕಡೆ ದೊಡ್ಡಪ್ಪನಿಗೆ ಹೊಸ ಬಾಗಿಲು ಬಂತು. ಗೋಡೆಯನ್ನು ಮಾತ್ರ ಹಂಚಲು ಬರಲಿಲ್ಲ.

"ನಡುಗ್ವಾಡಿ ಇಬ್ಬರದೂ," ಎಂದರು ಹಿರಿಯರು. "ಇಬ್ಬರೂ ಕೂಡಿ ಕಾಯ್ರಿ."

ಆಮೇಲೆ ಮಾಳಿಗೆ ಏರಿ, ಕೆಳಗಿನ ಗೋಡೆಯ ಎರಡೂ ಅಂಚಿಗೆ ಸರಿಯಾಗಿ ದಾರ ಹಿಡಿದು, ಸುಣ್ಣದಲ್ಲಿ ಎರಡು ಗೆರೆ ಎಳೆದರು. ಆ ಗೆರೆಯಿಂದ ಆಚೆ ದೊಡ್ಡಪ್ಪನದು, ಈ ಗೆರೆಯಿಂದ ಈಚೆ ಅಪ್ಪನದು. ನಡುವೆ ಒಂದೂವರೆ ಮೊಳ ಉಳಿಯಿತು. ಅದರ ಮೇಲೆ ಮಣ್ಣು ಯಾರು ಹಾಕಬೇಕು ಎಂದು ಅವರು ಹೇಳಲಿಲ್ಲ. ಇಬ್ಬರದೂ ಎಂದ ಮೇಲೆ ಹೇಳುವುದೇನಿದೆ ಎಂದುಕೊಂಡಿರಬೇಕು. ಏಣಿ ಇಳಿದು ಹೋದರು.

ಮುಂದಿನ ಬಸವ ಜಯಂತಿಯ ಮರುದಿನ ಅಪ್ಪ ತನ್ನ ಗೆರೆಯವರೆಗೆ ಮಣ್ಣು ಹಾಕಿದ. ಬೆರಳಷ್ಟೂ ದಾಟಲಿಲ್ಲ, ಅಂಚನ್ನು ಹಲಗೆ ಹಿಡಿದು ಬಡಿದು ನೇರ ಮಾಡಿದ. ಎರಡು ದಿನ ಬಿಟ್ಟು ದೊಡ್ಡಪ್ಪ ತನ್ನ ಗೆರೆಯವರೆಗೆ ಹಾಕಿದ. ಅವನದೂ ಅಷ್ಟೇ ನೇರ. ಒಂದೇ ತಾಯಿಯ ಮಕ್ಕಳು, ಒಂದೇ ಅಪ್ಪನ ಕೈಯಲ್ಲಿ ಕೆಲಸ ಕಲಿತವರು. ಎರಡನೆಯ ವರ್ಷ ಇಬ್ಬರೂ ಮತ್ತೆ ನಾಲ್ಕು ಬೆರಳು ಏರಿಸಿದರು. ಎರಡೂ ಕಡೆ ಏರಿದಂತೆ ನಡುವಿನ ಜಾಗ ತಗ್ಗಾಗುತ್ತ ಹೋಯಿತು. ಮೂರನೆಯ ಬೇಸಿಗೆಯಲ್ಲಿ ನಾನು ತಂಬಿಗೆ ಹಿಡಿದು ಮಾಳಿಗೆಯ ಮೇಲೆ ನಿಂತಾಗ ಅದು ಹೊಲದ ಕಾಲುವೆಯಂತೆ ಕಾಣುತ್ತಿತ್ತು. ಒಳಗೆ ಹುಲ್ಲು ಒಣಗಿ ನಿಂತಿತ್ತು.

"ಅಪ್ಪಾ, ಅಲ್ಲೆ ಹುಲ್ಲು ಬೆಳದೈತಿ."

"ಅದು ನಮ್ಮದಲ್ಲ."

"ದೊಡ್ಡಪ್ಪಂದೇನು?"

"ಇಬ್ಬರದು."

"ಹಂಗಾದ್ರ ನಾವು ಕೀಳಬಹುದಲ್ಲ?"

"ಇಬ್ಬರದಕ್ಕ ಒಬ್ಬ ಕೈ ಹಾಕಿದ್ರ ತಂಟೆ. ಅಂವ ಬಂದು ಕೇಳ್ಲಿ, ಹಾಕೋಣು. ನೀ ನೀರ ಹಿಡಿ."

ದೊಡ್ಡಪ್ಪನೂ ತನ್ನ ಮನೆಯಲ್ಲಿ ಅದೇ ಮಾತು ಹೇಳಿದ್ದ. "ಅಂವ ಸಣ್ಣಾಂವ. ಅಂವ ಕೇಳಬೇಕು." ಇದನ್ನು ನಾನು ಕಿವಿಯಾರೆ ಕೇಳಿದ್ದೆ. ಕೇಳಲು ಸಾಧ್ಯವಿದ್ದದ್ದು ನನಗೊಬ್ಬಳಿಗೇ, ಯಾಕೆಂದರೆ ಎರಡೂ ಬಾಗಿಲು ದಾಟುವವಳು ನಾನೊಬ್ಬಳೇ. ಅದಕ್ಕೆ ಕಾರಣ ಆಯಿ.

ಅಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಹಿರಿಯರು ಅವಳನ್ನೂ ಹಂಚಿದ್ದರು. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ದೊಡ್ಡಪ್ಪನ ಮನೆ, ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ನಮ್ಮ ಮನೆ. ಪಾಳಿ ಬದಲಾಗುವ ದಿನ ಬೆಳಿಗ್ಗೆ ಅವಳ ಗಂಟನ್ನು ನಾನು ಹೊರಬೇಕು. ಒಂದು ಕೌದಿ, ಎರಡು ಸೀರೆ, ವಿಭೂತಿಯ ಕರಡಿಗೆ, ಎಲೆಚೀಲ, ಅಡಕೊತ್ತು. ಎಲೆ ಸವಣೂರಿನದೇ ಆಗಬೇಕು. ಬೇರೆ ಎಲೆ ತಂದರೆ ಮೂಸಿ ನೋಡಿ ಎಮ್ಮೆಗೆ ಹಾಕು ಎನ್ನುತ್ತಿದ್ದಳು. ಎರಡೂ ಮನೆಯಲ್ಲಿ ಅವಳ ಮಂಚ ನಡುಗೋಡೆಗೇ ಹತ್ತಿಕೊಂಡಿರುತ್ತಿತ್ತು. ಮದುವೆಯಾಗಿ ಬಂದಂದಿನಿಂದ ಆ ಗೋಡೆಯ ಬದಿಗೇ ಮಲಗಿದವಳು, ಬೇರೆಡೆ ನಿದ್ದೆ ಬರುವುದಿಲ್ಲ ಎನ್ನುತ್ತಿದ್ದಳು. ಹದಿನೈದು ದಿನ ಗೋಡೆ ಅವಳ ಎಡಕ್ಕೆ, ಹದಿನೈದು ದಿನ ಬಲಕ್ಕೆ. ಗಂಟು ಹೊತ್ತು ನಾನು ಓಣಿಗೆ ಇಳಿದು, ಆರು ಹೆಜ್ಜೆ ನಡೆದು, ದೊಡ್ಡಪ್ಪನ ಬಾಗಿಲು ಏರುತ್ತಿದ್ದೆ. ಕೋಲೂರುತ್ತ ಆಯಿ ಹಿಂದೆ. ಹೋಗುವ ಮೊದಲು ಅಪ್ಪ ಪ್ರತಿ ಸಲವೂ ಹೇಳುತ್ತಿದ್ದ:

"ಈ ಮನಿ ಮಾತು ಆ ಮನಿಗೆ ಬ್ಯಾಡ. ಆ ಮನಿ ಮಾತು ಈ ಮನಿಗೆ ಬ್ಯಾಡ. ಚಾಡಿಯಿಂದ ಮನಿ ಕೆಡತಾವು."

ದೊಡ್ಡಪ್ಪನ ಮನೆಯಿಂದ ಹೊರಡುವಾಗ ದೊಡ್ಡಪ್ಪನೂ ತಲೆಯ ಮೇಲೆ ಕೈಯಿಟ್ಟು ಅದನ್ನೇ ಹೇಳುತ್ತಿದ್ದ. ನಾನು ಎರಡೂ ಕಡೆ ತಲೆಯಾಡಿಸುತ್ತಿದ್ದೆ, ಎರಡೂ ಕಡೆ ನಡೆಸಿಕೊಟ್ಟೆ. ದೊಡ್ಡವ್ವ ಸಾರಿಗೆ ಏನು ಹಾಕಿದಳೆಂದು ಅವ್ವ ಕೇಳಿದರೂ ಹೇಳುತ್ತಿರಲಿಲ್ಲ.

"ಎಂಥಾ ಗಟ್ಟಿ ಬಾಯವ್ವಾ ಇದರದು," ಎನ್ನುತ್ತಿದ್ದಳು ಅವ್ವ. ಅದು ಬೈಗುಳವೋ ಹೊಗಳಿಕೆಯೋ ಗೊತ್ತಾಗುತ್ತಿರಲಿಲ್ಲ. ನಾನು ಹೊಗಳಿಕೆ ಎಂದೇ ಇಟ್ಟುಕೊಂಡೆ.

ಆ ಮೂರನೆಯ ವರ್ಷ ಮುಂಗಾರಿನ ಮಿರಗದ ಮಳೆ ಹೊತ್ತಿಗೆ ಸರಿಯಾಗಿ ಬಂತು, ಬಂದದ್ದು ಹೋಗಲಿಲ್ಲ. ನನ್ನ ಏಳು ಜಾಗಗಳಲ್ಲಿ ಆರು ಒಣಗಿದ್ದವು. ಅಪ್ಪನ ಮಣ್ಣು ಅಷ್ಟು ಚೆನ್ನಾಗಿ ಕುಳಿತಿತ್ತು. ಆದರೆ ನಡುಗೋಡೆಯ ಮೇಲ್ಭಾಗದಲ್ಲಿ, ನಮ್ಮ ಕಡೆ, ಕೈಯಗಲದ ಒಂದು ಕಪ್ಪು ಗುರುತು ಮೂಡಿತು. ಹನಿ ಬೀಳುತ್ತಿರಲಿಲ್ಲವಾದ್ದರಿಂದ ಅದಕ್ಕೆ ಪಾತ್ರೆ ಇಡುವಂತಿರಲಿಲ್ಲ. ವಾರದಲ್ಲಿ ಅದು ಮಂಚದ ಎತ್ತರಕ್ಕೆ ಇಳಿಯಿತು. ಅವ್ವ ಏನೂ ಮಾತಾಡದೆ ಕೆಮ್ಮಣ್ಣಿಗೆ ಸಗಣಿ ಕಲಸಿ ಗೋಡೆಗೆ ದಪ್ಪಗೆ ಸಾರಿಸಿದಳು. ಗುರುತು ಮಾಯವಾಯಿತು. ಹತ್ತು ದಿನಕ್ಕೆ ಮತ್ತೆ ಬಂತು, ಮತ್ತೆ ಸಾರಿಸಿದಳು. ಅಮಾವಾಸ್ಯೆಗೆ ಆಯಿಯ ಗಂಟು ಹೊತ್ತು ದೊಡ್ಡಪ್ಪನ ಮನೆಗೆ ಹೋದೆ. ಅಲ್ಲಿ ದೊಡ್ಡವ್ವ, ಚಿಕ್ಕೇರೂರಿನವಳು, ಕೆಲಸದಲ್ಲಿ ಅವ್ವನಿಗಿಂತ ಕೈ ಚುರುಕು, ಅದೇ ಗೋಡೆಗೆ ಆ ಕಡೆಯಿಂದ ಸಾರಿಸುತ್ತಿದ್ದಳು. ನನ್ನನ್ನು ಕಂಡು ಕೈ ತೊಳೆದುಕೊಂಡಳು. ಮರುದಿನ ನೋಡಿದರೆ ಆ ಜಾಗಕ್ಕೆ ಅಡ್ಡಲಾಗಿ ಗೂಟ ಹೊಡೆದು ಒಂದು ಕೌದಿ ತೂಗುಹಾಕಿದ್ದಳು.

"ಆಯಿಗೆ ಗಾಳಿ ತಾಗಬಾರದು ಅಂತ," ಎಂದಳು, ನಾನು ಕೇಳದಿದ್ದರೂ.

ಕೌದಿಯ ಹಿಂದೆ ಗೋಡೆಗೆ ಹೊಟ್ಟೆ ಬಂದಿತ್ತು. ಮಣ್ಣಿನ ಗೋಡೆ ಉಬ್ಬಿದರೆ ನಮ್ಮಲ್ಲಿ ಹಾಗೆ ಹೇಳುತ್ತಾರೆ. ಬಸುರಿಯ ಹೊಟ್ಟೆಯಂತೆ ನುಣುಪಾಗಿ ಮುಂದೆ ಬಂದಿತ್ತು. ಅದನ್ನು ನೋಡಿದ ಮೇಲೆ ನಮ್ಮ ಮನೆಗೆ ಬಂದು, ನಮ್ಮ ಕಡೆ ಅದೇ ಎತ್ತರದಲ್ಲಿ ಅಂಗೈ ಇಟ್ಟು ನೋಡಿದೆ. ತಣ್ಣಗಿತ್ತು, ಒತ್ತಿದರೆ ಬೆರಳ ಗುರುತು ಉಳಿಯುತ್ತಿತ್ತು. ಅಪ್ಪ ಅಲ್ಲೇ ಬಾಗಿಲಲ್ಲಿ ಕುಳಿತು ಹಗ್ಗ ಹೊಸೆಯುತ್ತಿದ್ದ. ನನಗೆ ಹನ್ನೊಂದು ವರ್ಷ. ಎರಡೂ ಕಡೆಯನ್ನು ಕಂಡವಳು ಇಡೀ ಮನೆಯಲ್ಲಿ ನಾನೊಬ್ಬಳೇ ಎಂದೇ ನಾನು ತಿಳಿದಿದ್ದೆ. ಹೇಳಿದರೆ ಅದು ಆ ಮನೆಯ ಮಾತಾಗುತ್ತದೆ ಎಂಬುದೂ ತಿಳಿದಿತ್ತು. ಗೋಡೆಯ ಮೇಲಿನ ಬೆರಳ ಗುರುತನ್ನು ಸವರಿ ಅಳಿಸಿದೆ.

ಪಂಚಮಿ ಬಂತು. ಗಂಡಸರು ಮಾತು ಬಿಟ್ಟಿದ್ದರೂ ಹೆಂಗಸರು ತಟ್ಟೆ ಬಿಟ್ಟಿರಲಿಲ್ಲ. ಅವ್ವ ಶೇಂಗಾ ಉಂಡಿ, ಎಳ್ಳುಂಡಿ, ಅರಳು ತಟ್ಟೆಯಲ್ಲಿಟ್ಟು ಬಟ್ಟೆ ಮುಚ್ಚಿ ನನ್ನ ಕೈಯಲ್ಲಿ ಕಳಿಸುತ್ತಿದ್ದಳು. ದೊಡ್ಡವ್ವ ಅದನ್ನು ಖಾಲಿ ಮಾಡಿ ತನ್ನ ಉಂಡಿ ತುಂಬಿ ಕೊಡುತ್ತಿದ್ದಳು. ಇಬ್ಬರೂ ಒಬ್ಬರ ಉಂಡಿ ಒಬ್ಬರು ಕಚ್ಚಿ ನೋಡಿ, "ಬೆಲ್ಲಕ್ಕ ಕೈ ಹಿಡದಾಳ," ಎಂದು ಒಂದೇ ರೀತಿ ಹೇಳುತ್ತಿದ್ದರು. ಜೋಕಾಲಿ ಕಟ್ಟಿದ್ದರೂ ಆ ವರ್ಷ ಯಾರೂ ಆಡಲಿಲ್ಲ. ಆರು ದಿನ ಜಡಿಮಳೆ. ಓಣಿ ಹಳ್ಳವಾಗಿತ್ತು, ಶಾಲೆ ಮುಚ್ಚಿತ್ತು.

ಪಂಚಮಿಯಾದ ನಾಲ್ಕನೆಯ ದಿನ, ಮಧ್ಯಾಹ್ನ, ಆಯಿಗೆ ಎಲೆ ತೆಗೆದುಕೊಂಡು ಹೋದೆ. ಅವಳು ಗೋಡೆಗೆ ಬೆನ್ನು ಹಾಕಿ ಮಲಗಿದ್ದಳು. ಒಳಗಿನಿಂದ ದೊಡ್ಡವ್ವ ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು. ತೂಗುಹಾಕಿದ ಕೌದಿ ನೇರವಾಗಿರಲಿಲ್ಲ. ಕೆಳಗಿನ ಅಂಚು ಮಂಚದ ಮೇಲೆ ಬಂದು ಕೂತಿತ್ತು. ಅದರ ಹಿಂದಿನಿಂದ ಸಣ್ಣಗೆ, ಜರಡಿ ಹಿಡಿದ ಹಿಟ್ಟಿನಂತೆ, ಮಣ್ಣು ಉದುರುತ್ತಿತ್ತು. ಆಯಿಯ ಹೊದಿಕೆಯ ಮೇಲೆ, ಕಾಲಿನ ಹತ್ತಿರ, ಒಂದು ಸಣ್ಣ ಗುಪ್ಪೆಯಾಗಿತ್ತು. ನಾನು ಅದನ್ನು ನೋಡಿದೆ. ಎಲೆಯನ್ನು ಎಲೆಚೀಲದಲ್ಲಿಟ್ಟೆ. ಆಮೇಲೆ ಹೊದಿಕೆಯ ಮೇಲಿನ ಮಣ್ಣನ್ನು ಅಂಗೈಯಿಂದ ಸರಿಸಿ, ಮುಷ್ಟಿಯಲ್ಲಿ ಹಿಡಿದು, ಹೊದಿಕೆಯ ಅಂಚನ್ನು ನೇರ ಮಾಡಿ, ಮಣ್ಣನ್ನು ಹೊರಗೆ ಚೆಲ್ಲಲು ಹೊರಟೆ. ಆಯಿ ಕಣ್ಣು ತೆರೆದು ನನ್ನನ್ನು ನೋಡಿದಳು. ಇಬ್ಬರೂ ಮಾತಾಡಲಿಲ್ಲ. ಹೀಗೆ ಆ ಹೊತ್ತಿನಲ್ಲಿ ನಾನು ಮಾಡಿದ್ದು ಇಷ್ಟು: ಸ್ವಚ್ಛ ಮಾಡಿದೆ.

ಓಣಿಗೆ ಕಾಲಿಟ್ಟಿದ್ದೆ, ಕೈಯಲ್ಲಿ ಮಣ್ಣು ಇನ್ನೂ ಇತ್ತು. ಸದ್ದು ದೊಡ್ಡದೇನಲ್ಲ. ಒದ್ದೆ ಮೂಟೆಗಳನ್ನು ಒಂದರ ಮೇಲೊಂದು ಕೆಡವಿದಂತೆ. ತಿರುಗಿ ಒಳಗೆ ಓಡಿದೆ. ಧೂಳು ಏಳಲಿಲ್ಲ, ಮಣ್ಣು ಅಷ್ಟು ಹಸಿಯಾಗಿತ್ತು. ಮಾಳಿಗೆ ಕಂಬಗಳ ಮೇಲೆ ನಿಂತಿತ್ತು, ಅಲುಗಿರಲಿಲ್ಲ. ನಡುಗೋಡೆ ಮಾತ್ರ ಇರಲಿಲ್ಲ. ದೊಡ್ಡಪ್ಪನ ಮನೆಯಲ್ಲಿ ನಿಂತು ನಮ್ಮ ಮನೆಯ ಗೂಡು, ನಮ್ಮ ಕೊಡ, ಒಲೆಯ ಮೇಲೆ ನಮ್ಮ ಹಾಲಿನ ಪಾತ್ರೆ ಕಂಡೆ. ಆ ಕಡೆಯಿಂದ ಅಪ್ಪ, ಈ ಕಡೆಯಿಂದ ದೊಡ್ಡಪ್ಪ, ಇಬ್ಬರೂ ಮಣ್ಣಿನ ರಾಶಿಯ ಮೇಲೆ ಮೊಣಕಾಲೂರಿದ್ದರು. ಮೂರು ವರ್ಷಗಳಲ್ಲಿ ಅವರು ಆಡಿದ ಮೊದಲ ಮಾತುಗಳನ್ನು ನಾನು ಮರೆತಿಲ್ಲ.

"ಅಣ್ಣಾ, ಆ ಕಡೆ ಮಂಚದ ಹಲಗಿ ಎತ್ತು."

"ಎತ್ತೇನಿ. ಕಾಲು ನೋಡೋ, ಕಾಲು."

"ಯವ್ವಾ, ಉಸರು ಬಿಡಬೇ. ಬಿಡು."

"ಬಿಡಾಕತ್ತೇನಲ್ಲೋ," ಎಂದಳು ಆಯಿ, ಮಣ್ಣಿನೊಳಗಿನಿಂದ. "ನನ್ನ ಎಲಿಚೀಲ ಮಣ್ಣಾತೇನ ನೋಡ್ರಿ."

ಜೀವ ಉಳಿಯಿತು. ತೊಡೆಯ ಎಲುಬು ಮುರಿದಿತ್ತು. ಚಕ್ಕಡಿಯಲ್ಲಿ ಹುಲ್ಲು ಹಾಸಿ, ಮೇಲೆ ಚಾಪೆ ಹಿಡಿದು ಸವಣೂರಿಗೆ ಕರೆದೊಯ್ದರು. ಅಲ್ಲಿಂದ ಹಾನಗಲ್ಲಿನ ಕಡೆ ಎಲುಬು ಕಟ್ಟುವವರ ಹತ್ತಿರ ಹೋದರು. ಕಟ್ಟಿದರು, ಕೂಡಲಿಲ್ಲ. ಆಯಿ ಮತ್ತೆ ಕೋಲೂರಿ ನಡೆಯಲಿಲ್ಲ.

ಮಳೆ ಹೊಳವಾದ ಮೇಲೆ ಸವಣೂರಿನಿಂದ ಗೌಂಡಿ ಇಮಾಮಸಾಬ ಬಂದ. ಎರಡೂ ಮನೆಗೆ ಬೇಕಾದವನು, ನಮ್ಮ ಅಜ್ಜನ ಕಾಲದಿಂದ ಗೋಡೆ ಕಟ್ಟಿದವನು. ಬಿದ್ದ ಗೋಡೆಯ ಒಂದು ಹೆಂಟೆ ಎತ್ತಿ ಮುರಿದ. ಅದರ ಎರಡೂ ಬದಿಗೆ ಕೆಮ್ಮಣ್ಣಿನ ಪದರಗಳು ರೊಟ್ಟಿಯ ಮೇಲೆ ರೊಟ್ಟಿ ಇಟ್ಟಂತೆ ಕಾಣುತ್ತಿದ್ದವು. ನಡುವಿನ ಮಣ್ಣು ಅವನ ಬೆರಳಿನಲ್ಲಿ ಹಿಂಡಿದರೆ ಹಿಂಡಿದಷ್ಟು ನೀರು ಬಿಟ್ಟಿತು.

"ಎಷ್ಟು ಸಲ ಸಾರಸೀರಿ ಯವ್ವಾ?"

"ನಾಕು ಸಲ," ಎಂದಳು ಅವ್ವ.

ದೊಡ್ಡವ್ವ ನೆಲ ನೋಡುತ್ತಿದ್ದಳು. "ನಾನೂ ಅಷ್ಟ ಇರಬೇಕು."

"ಇಬ್ಬರೂ ಕೂಡಿ ಅದರ ಬಾಯಿ ಮುಚ್ಚೀರಿ ನೋಡ್ರಿ. ಒಂದು ಕಡೆ ಬಿಟ್ಟಿದ್ರೂ ಗ್ವಾಡಿ ಉಸರಾಡತಿತ್ತು, ಒಣಗತಿತ್ತು. ಇಲ್ಲಾ ಹಸಿ ತೋರಸತಿತ್ತು."

ಆಮೇಲೆ ಮಾಳಿಗೆ ಏರಿದ. ಅಪ್ಪ, ದೊಡ್ಡಪ್ಪ ಹಿಂದೆ ಏರಿದರು. ನಾನು ಏಣಿಯ ಮೇಲಿನ ಮೆಟ್ಟಿಲಿನಲ್ಲಿ ನಿಂತೆ. ಕಾಲುವೆಯಂಥ ಆ ತಗ್ಗಿನಲ್ಲಿ ಹುಲ್ಲು ಮೊಣಕಾಲೆತ್ತರ ಹಸಿರಾಗಿತ್ತು. ಇಮಾಮಸಾಬ ಅದರ ಈ ಅಂಚು ನೋಡಿದ, ಆ ಅಂಚು ನೋಡಿದ. ಅಂಚುಗಳು ದಾರ ಹಿಡಿದಂತೆ ನೇರವಾಗಿದ್ದವು.

"ಗೆರಿ ಭಾಳ ಚೆಂದ ಕಾಯ್ದೀರಿ ಅಣ್ಣಾರ," ಎಂದ. "ಒಂದು ಬೆರಳ ಆಚಿಲ್ಲ, ಒಂದು ಬೆರಳ ಈಚಿಲ್ಲ. ನಿಮ್ಮಪ್ಪ ಇದ್ದಿದ್ರ ಕೊಡತಿ ತಗೊಂಡು ಮಣ್ಣಿಗೆ ಬಡೀತಿದ್ದಿಲ್ಲ."

ಅಪ್ಪ ಬಗ್ಗಿ ಒಂದು ಹಿಡಿ ಹುಲ್ಲು ಕಿತ್ತ. ಅದರ ಬೇರಿನ ಜೊತೆ ಮಣ್ಣು ಎದ್ದು ಬಂದು, ಕೆಳಗಿನ ಹಲಗೆ ಕಾಣಿಸಿತು.

ಅಂದು ಸಂಜೆಯ ಹೊತ್ತಿಗೆ ಒಂದು ಸಂಗತಿ ನನಗೆ ಅರ್ಥವಾಯಿತು. ಎರಡೂ ಕಡೆಯನ್ನು ಕಂಡವಳು ನಾನೊಬ್ಬಳೇ ಇರಬಹುದು, ಆದರೆ ಹಸಿಯನ್ನು ಎಲ್ಲರೂ ಕಂಡಿದ್ದರು. ಅವ್ವ ಕಂಡಿದ್ದಳು, ದೊಡ್ಡವ್ವ ಕಂಡಿದ್ದಳು. ಹುಲ್ಲನ್ನು ಅಪ್ಪ, ದೊಡ್ಡಪ್ಪ ಮೂರು ಬೇಸಿಗೆ ಕಂಡಿದ್ದರು. ಎಲ್ಲರೂ ತಮ್ಮ ತಮ್ಮ ಬದಿಯನ್ನು ಚೊಕ್ಕವಾಗಿ ಇಟ್ಟುಕೊಂಡಿದ್ದರು. ಇದರಿಂದ ನನ್ನ ಎದೆಯ ಭಾರ ಕಡಿಮೆಯಾಗಲಿಲ್ಲ. ಮುಷ್ಟಿಯಲ್ಲಿ ಹಿಡಿದ ಆ ಮಣ್ಣು ನನ್ನೊಬ್ಬಳದಾಗಿತ್ತು.

ಗೋಡೆ ಏಳುವವರೆಗೆ ಆಯಿಯ ಮಂಚವನ್ನು ಗೋಡೆಯಿದ್ದ ಜಾಗದಲ್ಲಿಯೇ ಹಾಕಿದ್ದರು. ಈಗ ಪಾಳಿಯಿರಲಿಲ್ಲ. ಬೆಳಗಿನ ಗಂಜಿ ಆ ಕಡೆಯಿಂದ, ಮಧ್ಯಾಹ್ನದ ರೊಟ್ಟಿ ಈ ಕಡೆಯಿಂದ. ಅವಳ ಕೂದಲು ಬಾಚುವ ಕೆಲಸ ನನಗೆ ಬಂತು. ಒಂದು ದಿನ ಬಾಚುತ್ತ, ಅವಳ ಮುಖ ನನಗೆ ಕಾಣದಂತೆ ಹಿಂದೆ ಕುಳಿತು, ಹೇಳಿದೆ.

"ಆಯಿ, ಅವತ್ತು ಮಣ್ಣು ಉದರೂದು ನಾ ನೋಡಿದ್ದೆ."

"ನೀ ನೋಡೂದನ್ನ ನಾನೂ ನೋಡಿದ್ದೆ ಗಿರಜವ್ವಾ."

ನನ್ನ ಕೈ ನಿಂತಿತು.

"ಬಾಚು. ನಿಲ್ಲಸಬ್ಯಾಡ," ಎಂದಳು. "ಕಣ್ಣ ತೆರದಿದ್ನಲ್ಲ? ಈ ಹುಡಿಗಿ ಹೇಳತಾಳೇನೋ ಅಂತ ನೋಡಿದ್ನಿ. ಹೊದಿಕಿ ಝಾಡಿಸಿ ಹೋದಿ. ನೀನೂ ನಮ್ಮ ಮನಿಯಾಕಿನ ಆಗಿಬಿಟ್ಟಿ."

"ನಿನಗ ಗೊತ್ತಿತ್ತಂದ್ರ ನೀ ಯಾಕ ಹೇಳಲಿಲ್ಲ?"

ಅವಳು ಅಗಿಯುತ್ತಿದ್ದ ಎಲೆಯನ್ನು ಒಂದು ದವಡೆಗೆ ಸರಿಸಿದಳು.

"ಬೆನ್ನಿಗೆ ತಂಪು ಹತ್ತಿ ತಿಂಗಳಾಗಿತ್ತು. ಇವನ ಮುಂದ ಹೇಳಿದ್ರ ಅವನ ಮ್ಯಾಲ ದೂರು ಹೇಳಿದಂಗ. ಅವನ ಮುಂದ ಹೇಳಿದ್ರ ಇವನ ಮ್ಯಾಲ. ಇಬ್ಬರನ್ನೂ ಹಡದಾಕಿ ನಾ. ಸುಮ್ಮನಿದ್ರ ಇಬ್ಬರಿಗೂ ಒಳ್ಳೆದು ಅಂದ್ಕೊಂಡ್ನಿ." ಎಲೆ ಉಗುಳಿ ಅಂದಳು: "ಗ್ವಾಡಿ ಹಸಿ ಆಗೇತಿ ಅನ್ನೂದು ಯಾರ ಮ್ಯಾಲಿನ ದೂರೂ ಅಲ್ಲ. ಅದು ನನಗ ಕಾಲು ಮುರದ ಮ್ಯಾಲ ತಿಳೀತು. ನಿನಗರ ಈಗ ತಿಳೀಲಿ."

ಚಳಿಗಾಲದಲ್ಲಿ ಇಮಾಮಸಾಬ ಗೋಡೆ ಏರಿಸಿದ. ಬಾಗಿಲು ಇಡಲಿಲ್ಲ. ಅಡುಗೆ ಬೇರೆ, ಹೊಲ ಬೇರೆ, ಹಾಗೆಯೇ ಉಳಿದವು. ಗೋಡೆ ಬಿದ್ದ ಮಾತ್ರಕ್ಕೆ ಮನಸ್ಸುಗಳು ಕೂಡಿದವು ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಬಸವ ಜಯಂತಿಯ ಮರುದಿನ ಆಯಿ ತನ್ನ ಮಂಚವನ್ನು ಅಂಗಳಕ್ಕೆ ತರಿಸಿದಳು. ಅಲ್ಲಿಂದ ಮಾಳಿಗೆಯ ಅಂಚು ಕಾಣುತ್ತಿತ್ತು. ಮಕ್ಕಳಿಬ್ಬರೂ ಒಂದೇ ಹೊತ್ತಿಗೆ ಏರಬೇಕೆಂದಳು, ಏರಿದರು. ಅಪ್ಪ ತನ್ನ ಬುಟ್ಟಿಯನ್ನು ಎಂದಿನಂತೆ ತನ್ನ ಮೂಲೆಯಲ್ಲಿ ಸುರಿಯಲು ಹೋದ.

"ಅಲ್ಲೆ ಅಲ್ಲೋ!" ಎಂದು ಕೆಳಗಿನಿಂದ ಕೂಗಿದಳು. "ನಡುವಿಂದ ಹಿಡೀರಿ. ಮೊದಲು ನಡುವ ತುಂಬಸ್ರಿ. ಉಳದದ್ದು ಆಮ್ಯಾಗ ನಿಮ್ಮ ನಿಮ್ಮದು."

ಅಪ್ಪ ಬುಟ್ಟಿ ಹೊತ್ತು ನಡುವಿಗೆ ಬಂದ. ದೊಡ್ಡಪ್ಪನೂ ಬಂದ. ಇಬ್ಬರ ಮಣ್ಣೂ ಒಂದೇ ಕಡೆ ಬಿತ್ತು. ನಾನು ನೀರು ಚಿಮುಕಿಸಿದೆ. ಅಂದು ಅವರು ಆಡಿದ ಮಾತು "ಹಾಕು", "ಸಾಕು", "ಇನ್ನೊಂದಿಷ್ಟು". ಮುಂದೆ ಇಪ್ಪತ್ತು ಬೇಸಿಗೆಗಳಲ್ಲಿಯೂ ಮಾಳಿಗೆಯ ಮೇಲೆ ಹೆಚ್ಚುಕಡಿಮೆ ಅಷ್ಟೇ ಮಾತು. ಕೆಳಗಿಳಿದ ಮೇಲೆ ಅದೂ ಇರುತ್ತಿರಲಿಲ್ಲ. ಆದರೆ ಆ ಒಂದು ದಿನ ತಪ್ಪಲಿಲ್ಲ.

ಮಿರಗ ಬಂದ ಮೂರನೆಯ ದಿನ ಆಯಿ ತನ್ನನ್ನು ಗೋಡೆಯ ಕಡೆ ಹೊರಳಿಸಲು ಹೇಳಿದಳು. ಅಂಗೈ ಅಗಲಿಸಿ ಗೋಡೆಯ ಮೇಲಿಟ್ಟಳು. ಹೊರಗೆ ಮಳೆ ಹುಯ್ಯುತ್ತಿತ್ತು.

"ಒಣಾ ಐತಿ," ಎಂದಳು.

ಆರಿದ್ರಾ ಮಳೆ ಹೂಡುವ ಮೊದಲು ಹೋದಳು. ಮಣ್ಣಿಗಿಟ್ಟು ಬಂದ ಮೇಲೆ ಅವಳ ಗಂಟನ್ನು ಯಾವ ಮನೆಗೆ ಹೊರಬೇಕೆಂದು ನನಗೆ ತಿಳಿಯ‌ಲಿಲ್ಲ. ಓಣಿಯಲ್ಲಿ ಅದನ್ನು ಹಿಡಿದು ನಿಂತಿದ್ದೆ. ದೊಡ್ಡವ್ವ ಬಂದು ಅಡಕೊತ್ತು ತೆಗೆದುಕೊಂಡಳು, ಅವ್ವ ಬಂದು ಕೌದಿ ತೆಗೆದುಕೊಂಡಳು. ಎಲೆಚೀಲ ನನಗೆ ಉಳಿಯಿತು.

ನಾನು ಓದಿ, ಹಿರೇಕೆರೂರಿನಲ್ಲಿ ಹೆಣ್ಣುಮಕ್ಕಳ ವಸತಿನಿಲಯ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಅಲ್ಲಿಯೇ ನಿವೃತ್ತಳಾದೆ, ಅಲ್ಲಿಯೇ ಇದ್ದೇನೆ. ಗಂಟೆಗೆ ಸರಿಯಾಗಿ ಏಳುವುದು, ಪಾತ್ರೆ ಅದರ ಜಾಗದಲ್ಲಿ, ಹಾಸಿಗೆ ಮಡಚಿ ಗೋಡೆಯಿಂದ ಗೇಣು ದೂರ. ಹುಡುಗಿಯರು ನನಗೆ ಹೆದರುತ್ತಿದ್ದರು ಎಂದು ಆಮೇಲೆ ಹೇಳಿದ್ದಾರೆ. ಇರಬಹುದು. ಆದರೆ ಊಟದ ಮನೆಯ ಬಾಗಿಲಲ್ಲಿ ಒಂದು ವಹಿ ತೂಗುಹಾಕಿದ್ದೆ. ಎಲ್ಲಿ ಸೋರುತ್ತದೆ, ಏನು ಮುರಿದಿದೆ, ಯಾರಿಗೆ ಮೈ ನೆಟ್ಟಗಿಲ್ಲ ಎಂದು ಯಾರು ಬೇಕಾದರೂ ಬರೆಯಬಹುದು, ಹೆಸರು ಹಾಕಬೇಕಾಗಿಲ್ಲ. ಪ್ರತಿ ರಾತ್ರಿ ಊಟಕ್ಕೆ ಮೊದಲು ಅದನ್ನು ಗಟ್ಟಿಯಾಗಿ ಓದುತ್ತಿದ್ದೆ. ಬರೆದವರಾರೆಂದು ಒಮ್ಮೆಯೂ ಕೇಳಲಿಲ್ಲ.

ಅಪ್ಪ, ದೊಡ್ಡಪ್ಪ ಇಲ್ಲವಾದ ಮೇಲೆ ಮಾಳಿಗೆಯ ಕೆಲಸ ನನ್ನ ಕೈಗೆ ಬಂತು. ನಮ್ಮ ಬದಿಯಲ್ಲಿ ಈಗ ನನ್ನ ತಮ್ಮನ ಸಂಸಾರ, ಆ ಬದಿಯಲ್ಲಿ ದೊಡ್ಡಪ್ಪನ ಮಗ ಚನಬಸುವಿನದು. ಪ್ರತಿ ಬೇಸಿಗೆ ನಾನು ಹೋಗಿ ಮಾಳಿಗೆಯ ನಡುವೆ ನಿಲ್ಲುತ್ತೇನೆ, ಮೊದಲ ಬುಟ್ಟಿ ನನ್ನ ಕಾಲ ಬಳಿ ಬೀಳುತ್ತದೆ. ನಾನು ಬರದೆ ಯಾರೂ ಶುರು ಮಾಡಬಾರದು ಎಂದು ವಿಧಿಸಿದವಳೂ ನಾನೇ. ಇಬ್ಬರೂ ಒಪ್ಪಿಕೊಂಡಿದ್ದರು. ಈ ವರ್ಷ ಬೇಸಿಗೆಯಲ್ಲಿ ನನ್ನ ಕಣ್ಣಿನ ಶಸ್ತ್ರಚಿಕಿತ್ಸೆಯಾಯಿತು. ಬಿಸಿಲಿಗೆ ಹೋಗುವಂತಿರಲಿಲ್ಲ. ಮುಂದಿನ ವಾರ, ಅದರ ಮುಂದಿನ ವಾರ ಎನ್ನುತ್ತ ಮಿರಗ ಬಂದೇಬಿಟ್ಟಿತು. ಜಡಿಮಳೆ ಹಿಡಿದ ಎರಡನೆಯ ದಿನ ಬೆಳಿಗ್ಗೆ, ನಾನು ಚಹಾ ಸೋಸುತ್ತಿದ್ದಾಗ, ಚನಬಸುವಿನ ಫೋನು ಬಂತು.

"ಅಕ್ಕಾ, ನಡುಗ್ವಾಡಿ ಹಸಿ ಆಗೇತ್ರಿ."

"ಯಾವಾಗಿಂದ?"

"ಈಗ ನೋಡಿದ್ನಿ. ಕೈ ಇನ್ನೂ ಹಸಿನ ಐತಿ."

ಚಹಾದ ಪಾತ್ರೆಯನ್ನು ಕೆಳಗಿಟ್ಟೆ.

"ತಮ್ಮಗ ಹೇಳಿದೇನು?"

"ಮೊದಲು ಅವಂಗ ಹೇಳಿ ಆಮ್ಯಾಗ ನಿಮಗ ಹಚ್ಚೀನಿ. ಇಲ್ಲೆ ನಿಂತಾನ. ಹೊರಗ ತಾಡಪತ್ರಿ ತಗದಿಟ್ಟೇವಿ."

"ಮಣ್ಣು ಯಾಕ ಹಾಕಲಿಲ್ಲೋ ಇಷ್ಟು ದಿನ?"

"ನೀವು ಬಂದಿಲ್ಲಲ್ರಿ ಅಕ್ಕಾ. ನೀವು ನಡುವ ನಿಲ್ಲದ ಹೆಂಗ ಹಾಕೂದು? ಮಣ್ಣು ತಂದು ಅಂಗಳದಾಗ ಹಾಕಿ ಎರಡು ತಿಂಗಳಾತು. ಇಬ್ಬರೂ ನಿಮ್ಮ ದಾರಿನ ಕಾಯಾಕತ್ತೇವಿ."

ಆಚೆ ಗೆರೆ, ಈಚೆ ಗೆರೆ, ನಡುವೆ ಯಾರೂ ಮುಟ್ಟದ ಜಾಗ. ಅಪ್ಪ ಮತ್ತು ದೊಡ್ಡಪ್ಪ ಒಬ್ಬರನ್ನೊಬ್ಬರು ಕಾದರು. ಇವರು ನನ್ನನ್ನು ಕಾದರು. ಕಾಯಿಸಿದ್ದು ನನ್ನ ಶಿಸ್ತು.

"ಚನಬಸೂ, ಕೇಳು. ಇನ್ನ ಮುಂದ ನನ್ನ ದಾರಿ ಕಾಯಬ್ಯಾಡ್ರಿ. ಯಾವ ವರ್ಷನೂ. ನೀವಿಬ್ಬರೂ ಇದ್ರ ಸಾಕು. ಈಗ ಏರಿ ತಾಡಪತ್ರಿ ಹೊಚ್ಚ್ರಿ. ಹೊಳ ಆದ ದಿನ ಮಣ್ಣು ಹಾಕ್ರಿ."

"ಎಲ್ಲಿಂದ ಹಿಡೀಬೇಕಂತ ನೀವು ಹೇಳಬೇಕಾಗಿಲ್ಲ ಬಿಡ್ರಿ," ಎಂದ, ನಗುತ್ತ. ಫೋನನ್ನು ಹಾಗೆಯೇ ಅಂಗಿಯ ಕಿಸೆಯಲ್ಲಿ ಹಾಕಿಕೊಂಡಿರಬೇಕು, ಆರಿಸಲು ಮರೆತು.

ನಾನೂ ಇಡಲಿಲ್ಲ. ಚಹಾ ಆರಿತು. ಏಣಿಯನ್ನು ಎಳೆಯುವ ಸದ್ದು ಕೇಳಿಸಿತು, ಗೋಡೆಗೆ ಅದು ಕಟ್ಟೆಂದು ತಾಗಿದ ಸದ್ದು, ಮೆಟ್ಟಿಲುಗಳ ಮೇಲೆ ಎರಡು ಜೊತೆ ಕಾಲು. ಆಮೇಲೆ ಮಾಳಿಗೆಯ ಮೇಲಿನ ಬಯಲು, ಮಳೆ, ತಾಡಪತ್ರಿ ಬಿಚ್ಚಿಕೊಳ್ಳುವ ಪಟಪಟ.

"ಹಿಡಿ."

"ಹಿಡದೇನಿ."

"ಇನ್ನೊಂದಿಷ್ಟು ನಿನ್ನ ಕಡೆ ಎಳಕೋ."

"ಸಾಕು?"

"ಸಾಕು. ಕಲ್ಲು ಇಡು."